ಮಾರಿದತ್ತನ ರಾಜಪುರ

ಜನ್ನನ 'ಯಶೋಧರ ಚರಿತೆ' ರಚಿತವಾದದ್ದು ಕ್ರಿ.ಶ. 1209ರಲ್ಲಿ. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದು ಪಡೆದವನ ಈ ಪುಟ್ಟ ಕಾವ್ಯದ ಕಥೆ ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಜೈನ ಮನೆತನಗಳಿಗೆ ಹೊಸದಲ್ಲ. ಪ್ರಾಕೃತ ವಿದ್ವಾಂಸ ಆ. ನೇ. ಉಪಾಧ್ಯೆಯವರು 1906ರಲ್ಲಿ ಜನಿಸಿದ ಸದಲಗಾ ನಮ್ಮ ಸೀಮೆಯದೇ. ಎಲ್ಲರೂ ನೆನೆಯುವುದು ಹಿಟ್ಟಿನ ಕೋಳಿಯನ್ನು. ನನಗೆ ಮಾತ್ರ ಅದಕ್ಕೂ ಮೊದಲು ಬರುವ ರಾಜಪುರವೇ ಹೆಚ್ಚು ಕಾಡುತ್ತದೆ.

ಅರಸ ಮಾರಿದತ್ತ. ಚಂಡಮಾರಿಗೆ ಬಲಿ ಸಲ್ಲದಿದ್ದರೆ ನಾಡಿಗೆ ಕೇಡು ಎಂಬುದು ಅಲ್ಲಿಯ ನಂಬಿಕೆ. ಹಾಗಾಗಿ ಆ ಕೊಲೆ ರಾಜಧರ್ಮವೇ ಆಗಿಬಿಟ್ಟಿದೆ. ಜನ್ನ ನಮ್ಮನ್ನು ಅಲ್ಲಿಗೆ ಕರೆದೊಯ್ಯುವುದು ವಸಂತದ ದಾರಿಯಿಂದ. ಸೊಗಸಾದ ಋತುವರ್ಣನೆಯೆಂದು ಓದುತ್ತ ಹೊರಟವರಿಗೆ ಒಂದು ಪದ್ಯ ಎದುರಾಗುತ್ತದೆ: ವಸಂತನು ಶಿಶಿರನನ್ನೇ ಹರಕೆಯ ಪಶುವಾಗಿ ಹಿಡಿದು ಮಾವಿನಡಿಯಲ್ಲಿ ಕೊಚ್ಚಿದನೋ ಎಂಬಂತೆ, ಉದುರಿದ ಮುತ್ತುಗದ ಮೊಗ್ಗುಗಳು ಮಾಂಸದ ಚೂರುಗಳಾಗಿ ಕಾಣುತ್ತವೆ! ಚೆಲುವನ್ನು ಸವಿಯಲು ಹೋದ ನಮ್ಮ ಕಣ್ಣಿಗೇ ನೆತ್ತರು ಹತ್ತುತ್ತದೆ. ಕವಿ ಬೇರೆ ಉಪದೇಶ ಮಾಡಬೇಕಾಗಿಲ್ಲ.

1973ರಲ್ಲಿ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 'ಓಮೆಲಾಸ್' ಎಂಬ ಸುಖೀ ನಗರದ ಕಥೆ ಬರೆದರು. ನಿಮಗೆ ಬೇಕಾದ ಸುಖವನ್ನು ನೀವೇ ಸೇರಿಸಿಕೊಳ್ಳಿ ಎಂದು ಓದುಗರಿಂದಲೇ ನಗರ ಕಟ್ಟಿಸುತ್ತಾರೆ. ಆಮೇಲೆ, ಆ ಸುಖವೆಲ್ಲ ನೆಲಮಾಳಿಗೆಯಲ್ಲಿ ಕೂಡಿಹಾಕಿದ ಒಂದು ಮಗುವಿನ ನರಳಿಕೆಯ ಮೇಲೆ ನಿಂತಿದೆ ಎನ್ನುತ್ತಾರೆ. ಅದನ್ನು ಸಹಿಸಲಾರದ ಕೆಲವರು ಊರು ಬಿಟ್ಟು ನಡೆಯುತ್ತಾರೆ. ಊರು ಹಾಗೆಯೇ ಉಳಿಯುತ್ತದೆ.

ರಾಜಪುರದಲ್ಲಿ ಹಾಗಲ್ಲ. ತಳವಾರ ಚಂಡಕರ್ಮ ಬಲಿಗೆಂದು ಹಿಡಿದು ತಂದ ಎಳೆಯರು ಅಭಯರುಚಿ, ಅಭಯಮತಿ. ಕತ್ತಿಯ ಮುಂದೆಯೂ ಅಂಜದ ಅವರನ್ನು ಕಂಡು ಬೆರಗಾದ ಅರಸ, ನೀವು ಯಾರೆಂದು ಕೇಳುತ್ತಾನೆ. ಅಲ್ಲಿಂದ ಮುಂದೆ ಕಥೆ ಹೇಳುವವನು ಬಲಿಯ ಹುಡುಗನೇ. ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಕ್ಕಾಗಿ ನವಿಲಾಗಿ, ನಾಯಾಗಿ ಹುಟ್ಟಿ ಸತ್ತ ತಾಯಿಮಗನ ಕಥೆ ಅವನ ಬಾಯಿಂದಲೇ ಬರುತ್ತದೆ. ಕೇಳಿದ ಮಾರಿದತ್ತ ಬಲಿಯನ್ನು ತೊರೆದು ದೀಕ್ಷೆ ಪಡೆಯುತ್ತಾನೆ. ಜೈನಕವಿ ಬೇರೆ ಹೇಗೆ ತಾನೇ ಮುಗಿಸಿಯಾನು ಎಂದು ಆಕ್ಷೇಪಿಸಬಹುದು, ನಿಜ. ಆದರೂ ಬಲಿಗೆ ಬಾಯಿ ಕೊಟ್ಟದ್ದು ಸಣ್ಣ ಮಾತಲ್ಲ. ಅಂದಿನ ಮೈಸೂರು ರಾಜ್ಯದಲ್ಲಿ ಪ್ರಾಣಿಬಲಿ ತಡೆ ಕಾಯ್ದೆ ಬಂದದ್ದು 1959ರಲ್ಲಿ, ಜನ್ನನ ಕಾವ್ಯಕ್ಕೆ 750 ವರ್ಷವಾದ ಮೇಲೆ.

ನಿಪ್ಪಾಣಿಯಿಂದ ಅಥಣಿಯವರೆಗೆ ಈಗ ಕಬ್ಬಿನ ಸಿರಿ. ಹಂಗಾಮಿಗೆ ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಸಂಸಾರ ಸಮೇತ ಬರುತ್ತವೆ. ಆ ಮಕ್ಕಳ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಅವರಲ್ಲೊಬ್ಬ ಹುಡುಗ ಒಂದು ವರ್ಷ ನನ್ನ ತರಗತಿಯ ಕಿಟಕಿಯಾಚೆ ನಿಂತು ಪಾಠ ಕೇಳುತ್ತಿದ್ದ. ಒಳಗೆ ಬಾ ಎಂದರೆ, "ಎತ್ತು ಕಾಯಬೇಕು, ಗುರುಜಿ" ಎಂದು ಮರಾಠಿಯಲ್ಲಿ ಹೇಳಿ ಹೋಗಿಬಿಡುತ್ತಿದ್ದ.