ಒಡೆಯಲು ಕಲಿತ ಗಾಜು

ಕುರುಗೋಡಿನ ನಮ್ಮ ಶಾಲೆಯ ಅಂಗಳದಲ್ಲಿ ಒಂದು ಹಳೆಯ ಹುಣಸೆಮರವಿದೆ. ಕಾಯಿ ಬಲಿಯುವ ದಿನಗಳಲ್ಲಿ ಆ ಮರದ ಮೇಲೆ ಬೀಳುವಷ್ಟು ಕಲ್ಲು ಬಳ್ಳಾರಿ ಕೋಟೆಯ ಮೇಲೂ ಬಿದ್ದಿರಲಾರದು. ಒಂದು ಜನವರಿಯ ಮಧ್ಯಾಹ್ನ ಅಂಥದೊಂದು ಕಲ್ಲು ಕಾಯಿಯನ್ನು ತಪ್ಪಿಸಿಕೊಂಡು, ಮರದ ನೆರಳಿಗೆಂದು ನಿಲ್ಲಿಸಿದ್ದ ನಮ್ಮ ಕಾರಿನ ಹಿಂಬಾಗಿಲ ಗಾಜಿಗೆ ಬಿತ್ತು. ಹುರಿಗಡಲೆಯ ಮೂಟೆ ಹರಿದಂತೆ ಸದ್ದಾಯಿತು. ನಾನು ಸ್ಟಾಫ್ ರೂಮಿನಿಂದ ಓಡಿ ಬಂದಾಗ ಉಳಿದ ಹುಡುಗರೆಲ್ಲ ಮಾಯವಾಗಿದ್ದರು. ಎಂಟನೆಯ ತರಗತಿಯ ಒಬ್ಬ ಮಾತ್ರ ಮೊಣಕಾಲೂರಿ ಕುಳಿತು, ಬರಿಗೈಯಲ್ಲಿ ಗಾಜಿನ ಚೂರುಗಳನ್ನು ಬಾಚಿ ಚಡ್ಡಿಯ ಜೇಬಿಗೆ ತುಂಬಿಕೊಳ್ಳುತ್ತಿದ್ದ. ಚೂರು ಕಾಣದಿದ್ದರೆ ತಪ್ಪೂ ಕಾಣುವುದಿಲ್ಲವೆಂದು ಅವನ ಲೆಕ್ಕ.

"ಏ, ಮುಟ್ಟಬ್ಯಾಡೋ! ಕೈ ತೆಗಿ!" ಎಂದು ನಾನು ಕಿರುಚಿದ ದನಿಗೆ ನನಗೇ ಗಾಬರಿಯಾಯಿತು. ಹುಡುಗ ಅಳುತ್ತಾ ಎರಡೂ ಅಂಗೈ ಬಿಚ್ಚಿ ತೋರಿಸಿದ. ಕಲ್ಲುಸಕ್ಕರೆಯಂಥ ಚೂರುಗಳು. ಒಂದು ಕಡೆ ಸಣ್ಣ ಗೀರು ಬಿಟ್ಟರೆ ರಕ್ತದ ಸುಳಿವಿಲ್ಲ. ಅವನು ಅಳುತ್ತಿದ್ದದ್ದು ನಾನು ಹೊಡೆಯುತ್ತೇನೆಂದು. ನಾನು ಕಿರುಚಿದ ಕಾರಣ ಬೇರೆ. ಅದನ್ನು ಹೇಳಬೇಕಾದರೆ ನಾನು 1984ಕ್ಕೆ, ನಮ್ಮೂರು ಸಿರುಗುಪ್ಪಕ್ಕೆ ಹೋಗಬೇಕು.

ಆಗ ನಮ್ಮ ದೊಡ್ಡಪ್ಪನ ಹತ್ತಿರ ಒಂದು ಹಳೆಯ ಅಂಬಾಸಿಡರ್ ಕಾರಿತ್ತು. ಹೆಸರಿಗೆ ದೊಡ್ಡಪ್ಪನದು, ಓಡಾಟಕ್ಕೆ ಇಡೀ ಓಣಿಯದು. ಮದುವೆ, ಹೆರಿಗೆ, ಕುರುಗೋಡು ದೊಡ್ಡಬಸವೇಶ್ವರನ ಜಾತ್ರೆ, ಎಲ್ಲಕ್ಕೂ ಅದೇ. ಒಮ್ಮೆ ಜಾತ್ರೆಯ ನೂಕುನುಗ್ಗಲಿನಲ್ಲಿ ಅದರ ಎಡಗಡೆಯ ಹಿಂಬಾಗಿಲ ಗಾಜು ಒಡೆಯಿತು. ಹೊಸ ಗಾಜು ನಮ್ಮ ಕಡೆ ಸಿಗುತ್ತಿರಲಿಲ್ಲ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ತರಿಸಬೇಕು, ವಾರಗಟ್ಟಲೆ ಕಾಯಬೇಕು. ದೊಡ್ಡಪ್ಪ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಗೆ ಹೋಗಿ, ರಟ್ಟಿನಲ್ಲಿ ಅಳತೆ ಕೊಟ್ಟು, ಸಾದಾ ಗಾಜನ್ನು ಕತ್ತರಿಸಿ ಹಾಕಿಸಿಕೊಂಡು ಬಂದರು. ನೋಡಿದರೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ದೊಡ್ಡಪ್ಪನ ಜಾಣತನವನ್ನು ಮನೆಮಂದಿಯೆಲ್ಲ ಹೊಗಳಿದೆವು.

ಆರು ತಿಂಗಳ ಮೇಲೆ ಬಳ್ಳಾರಿಯಿಂದ ಊರಿಗೆ ಬರುವಾಗ, ತೆಕ್ಕಲಕೋಟೆಯ ಹತ್ತಿರ ಕತ್ತಲಲ್ಲಿ ಎದುರಿಗೆ ಭತ್ತದ ಗಾಡಿ ಬಂತು. ಎತ್ತುಗಳು ಬೆದರಿ ಅಡ್ಡ ತಿರುಗಿದವು. ಗಾಡಿಯ ಮೂಕಿ ಕಾರಿನ ಎಡಪಕ್ಕವನ್ನು ಮುಂದಿನಿಂದ ಹಿಂದಿನವರೆಗೆ ಸವರಿಕೊಂಡು ಹೋಯಿತು. ಎಡಗಡೆಯ ಎರಡೂ ಗಾಜು ಒಡೆದವು. ಮುಂದೆ ಕುಳಿತಿದ್ದ ಅಪ್ಪನ ತೊಡೆಯ ಮೇಲೆ ಬಿದ್ದದ್ದು ಕಲ್ಲುಸಕ್ಕರೆ. ಹಿಂದೆ ಕುಳಿತಿದ್ದ ಅಣ್ಣನ ಮುಖಕ್ಕೆ ಬಂದದ್ದು ಚೂರಿ. ಅಣ್ಣನಿಗೆ ಆಗ ಹದಿನೇಳು. ರೈಲಿನ ಇಂಜಿನ್ ಓಡಿಸಬೇಕೆಂಬ ಹುಚ್ಚಿನಲ್ಲಿ, ರಜೆ ಬಂದರೆ ಗುಂತಕಲ್ಲಿಗೆ ಹೋಗಿ ಸ್ಟೇಶನ್ನಿನಲ್ಲಿ ನಿಂತು ಬರುತ್ತಿದ್ದವನು. ಜೀವಕ್ಕೇನೂ ಆಗಲಿಲ್ಲ. ಎಡಗಣ್ಣು ಉಳಿಯಲಿಲ್ಲ. ಮುಂದೆ ಅವನು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆದುಕೊಂಡು ಬಾಳಿದ. ಒಂದೇ ಕಾರು, ಒಂದೇ ಪೆಟ್ಟು. ಎರಡು ಗಾಜು ಎರಡು ರೀತಿ ಒಡೆದದ್ದೇಕೆ ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ದೊಡ್ಡಪ್ಪ ಉಳಿಯುತ್ತಿರಲಿಲ್ಲ.

ನಾನು ಚರಿತ್ರೆಯ ಮೇಷ್ಟ್ರಮ್ಮ. ವಿಜ್ಞಾನ ನನ್ನ ವಿಷಯವಲ್ಲ. ಆದರೂ ಈ ಒಂದು ಪ್ರಶ್ನೆಯನ್ನು ನಾನು ಬಿಡಲಿಲ್ಲ, ಅದೂ ನನ್ನನ್ನು ಬಿಡಲಿಲ್ಲ.

ಪ್ರತಿವರ್ಷ ಮಕ್ಕಳನ್ನು ಕುಡತಿನಿಯ ಬೂದಿದಿಬ್ಬಕ್ಕೆ ಕರೆದುಕೊಂಡು ಹೋಗುತ್ತೇನೆ. ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿಯ ದಿಬ್ಬವದು. ಇಂಥ ದಿಬ್ಬಗಳನ್ನು ಜ್ವಾಲಾಮುಖಿಯ ಬೂದಿ ಎಂದವರುಂಟು. ಹಂಪಿಯ ಹತ್ತಿರದ ನಿಂಬಾಪುರದಲ್ಲಿ ವಾಲಿಯನ್ನು ಸುಟ್ಟ ಜಾಗ ಎಂದು ನಂಬಿದವರುಂಟು. ಇವು ದನದ ದೊಡ್ಡಿಗಳ ಗುರುತು ಎಂಬುದನ್ನು ಆಲ್ಚಿನ್ ಎಂಬ ವಿದ್ವಾಂಸರು 1963ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ತೋರಿಸಿದರು. ಆ ಬೂದಿಯಲ್ಲಿ ಅಲ್ಲಲ್ಲಿ ಕರಗಿ ಗಟ್ಟಿಯಾದ, ಗಾಜಿನಂಥ ಕಿಟ್ಟ ಸಿಗುತ್ತದೆ. ಹುಲ್ಲಿನಲ್ಲಿ ಮರಳಿನ ಅಂಶವಿದೆ, ಬೂದಿಯಲ್ಲಿ ಕ್ಷಾರವಿದೆ, ಬೆಂಕಿ ಜೋರಾದರೆ ಎರಡೂ ಕೂಡಿ ಕರಗುತ್ತವೆ. ಇಂದಿನ ಕಿಟಕಿ ಗಾಜೂ ಮೂಲದಲ್ಲಿ ಮರಳು, ಸೋಡಾ, ಸುಣ್ಣಗಳೇ. ಹಾಗಾದರೆ ಪಟದ ಗಾಜಿಗೂ ಕಾರಿನ ಗಾಜಿಗೂ ಪದಾರ್ಥದಲ್ಲಿ ಭೇದವಿಲ್ಲ. ಭೇದವಿರುವುದು ಅದನ್ನು ತಣಿಸಿದ ರೀತಿಯಲ್ಲಿ.

ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ಗಾಜಿನವರು ಒಂದು ಆಟಿಕೆ ಮಾಡುತ್ತಿದ್ದರು. ಕರಗಿದ ಗಾಜನ್ನು ತಣ್ಣೀರಿಗೆ ತೊಟ್ಟಿಕ್ಕಿಸಿದರೆ ಬಾಲವಿರುವ ಹನಿಯಾಗುತ್ತದೆ. ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದರೂ ಒಡೆಯುವುದಿಲ್ಲ. ಬಾಲ ಮುರಿದರೆ ಸಾಕು, ಇಡೀ ಹನಿ ಪುಡಿಪುಡಿ. ರಾಜಕುಮಾರ ರೂಪರ್ಟ್ ಇದನ್ನು ಇಂಗ್ಲೆಂಡಿಗೆ ತಂದ. 1661ರಲ್ಲಿ ರಾಯಲ್ ಸೊಸೈಟಿಯ ಪಂಡಿತರು ಇದನ್ನು ಪರೀಕ್ಷಿಸಿದರು. ಗುಟ್ಟು ಇಷ್ಟೆ: ಹೊರಮೈ ಮೊದಲು ತಣಿದು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ತಣಿಯುತ್ತಾ ಕುಗ್ಗಿ, ಹೊರಮೈಯನ್ನು ಒಳಕ್ಕೆ ಎಳೆದು ಬಿಗಿಯುತ್ತದೆ. ಸಿರುಗುಪ್ಪದ ಕಮ್ಮಾರಸಾಲೆಯಲ್ಲಿ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ, ನೀರು ಹೊಯ್ದ ಕೂಡಲೇ ಅದು ಕುಗ್ಗಿ ಮರವನ್ನು ಕಚ್ಚಿ ಹಿಡಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಬಿಗಿದ ಗಾಜು ಸುಲಭಕ್ಕೆ ಒಡೆಯದು. ಒಡೆದಾಗ ಒಳಗಿನ ಬಿಗಿತವೆಲ್ಲ ಒಮ್ಮೆಲೇ ಬಿಟ್ಟುಕೊಂಡು, ಚೂರಿಯಾಗದೆ ಕಾಳುಕಾಳಾಗಿ ಉದುರುತ್ತದೆ.

ಆಟಿಕೆಯ ಈ ಗುಣವನ್ನು ಬಳಕೆಯ ಗಾಜಿಗೆ ತರಲು ಇನ್ನೂರು ವರ್ಷ ಹಿಡಿಯಿತು. 1874ರಲ್ಲಿ ಫ್ರಾನ್ಸಿನ ದ ಲಾ ಬಾಸ್ತಿ ಎಂಬುವನು ಕಾದ ಗಾಜನ್ನು ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಈಗ ಎಣ್ಣೆಯಿಲ್ಲ. ಆರುನೂರು ಡಿಗ್ರಿಗೂ ಮೀರಿ ಕಾಯಿಸಿದ ಗಾಜಿನ ಎರಡೂ ಮುಖಕ್ಕೆ ಗಾಳಿ ಹಾಯಿಸಿ ತಣಿಸುತ್ತಾರೆ. ಇನ್ನೊಂದು ದಾರಿಯನ್ನು ಕಂಡದ್ದು ಬೆನೆಡಿಕ್ಟಸ್ ಎಂಬ ಇನ್ನೊಬ್ಬ ಫ್ರೆಂಚ್ ರಸಾಯನಿ. 1903ರಲ್ಲಿ ಅವನ ಕೈತಪ್ಪಿ ಬಿದ್ದ ಸೀಸೆ ಬಿರುಕು ಬಿಟ್ಟಿತೇ ಹೊರತು ಚದುರಲಿಲ್ಲ. ಒಳಗೆ ಒಣಗಿದ್ದ ಅಂಟಿನ ಪದರ ಚೂರುಗಳನ್ನು ಹಿಡಿದಿಟ್ಟಿತ್ತು. ಎರಡು ಗಾಜಿನ ನಡುವೆ ಅಂಥ ಪದರವನ್ನಿಟ್ಟು 1909ರಲ್ಲಿ ಹಕ್ಕುಪತ್ರ ಪಡೆದ. ಅದು ಮೊದಲು ದೊಡ್ಡದಾಗಿ ಬಳಕೆಗೆ ಬಂದದ್ದು ಮೊದಲ ಮಹಾಯುದ್ಧದ ವಿಷಾನಿಲದ ಮುಖವಾಡಗಳ ಕಣ್ಣಿಗೆ. ಇಂದು ಕಾರಿನ ಮುಂಗಾಜು ಬೆನೆಡಿಕ್ಟಸನ ವಂಶದ್ದು, ಪಕ್ಕದ ಬಾಗಿಲುಗಳದ್ದು ಸಾಮಾನ್ಯವಾಗಿ ರೂಪರ್ಟನ ಹನಿಯ ವಂಶದ್ದು. ನಮ್ಮ ದೇಶದಲ್ಲಿ ವಾಹನಗಳ ಗಾಜು ಸುರಕ್ಷಾ ಗಾಜೇ ಆಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮ ಹೇಳಿತು. ಅಣ್ಣನ ಕಣ್ಣು ಹೋಗಿ ಆಗಲೇ ಐದು ವರ್ಷವಾಗಿತ್ತು.

ಹುಣಸೆಮರದ ಕೆಳಗಿನ ಆ ದಿನಕ್ಕೆ ಮರಳುತ್ತೇನೆ. ಯಜಮಾನರಿಗೆ ಫೋನು ಮಾಡಿದೆ. "ಪ್ಲಾಸ್ಟಿಕ್ ಅಂಟಿಸಿಕೊಂಡು ಬಂದುಬಿಡು. ಬಳ್ಳಾರಿಯಾಗ ಯಾರಾದರೂ ಅಳತೆಗೆ ಕತ್ತರಿಸಿ ಹಾಕಿಕೊಡ್ತಾರೇನೋ ನೋಡೋಣ" ಎಂದರು. ಅವರಿಗೆ ತಿಳಿಯದೆ ಆಡಿದ ಮಾತು. "ಕತ್ತರಿಸಿದ ಗಾಜು ಬ್ಯಾಡ. ಎಷ್ಟು ದಿನ ಆದರೂ ಸರಿ, ಎಷ್ಟು ರೊಕ್ಕ ಆದರೂ ಸರಿ" ಎಂದೆ. ಗಟ್ಟಿ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲು ಬರುವುದೇ ಇಲ್ಲ. ವಜ್ರದ ಮೊನೆ ಇಟ್ಟು ಕೊಯ್ದರೆ ಇಡೀ ಗಾಜು ಉದುರುತ್ತದೆ. ಕಾರ್ಖಾನೆಯಲ್ಲಿ ಮೊದಲೇ ಕತ್ತರಿಸಿ, ತೂತು ಹಾಕಿ, ಬಾಗಿಸಿ, ಕಡೆಗೆ ತಣಿಸಬೇಕು. ಆದ್ದರಿಂದ ಯಾರಾದರೂ ನಿಮ್ಮ ಕಾರಿನ ಬಾಗಿಲಿಗೆ ಕಣ್ಣೆದುರೇ ಗಾಜು ಕತ್ತರಿಸಿ ಕೊಟ್ಟರೆ, ಅದು ಸಾದಾ ಗಾಜೆಂದೇ ತಿಳಿಯಿರಿ.

ಈಗ ಗಾಜಿನವರು ಕಾರು ಇದ್ದಲ್ಲಿಗೇ ಬರುತ್ತಾರೆ. ಬಳ್ಳಾರಿಯಲ್ಲಿ ಈ ಕಸುಬು ಬೆಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ಕಾಲದಲ್ಲಿ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಗೆ ತಡೆ ಹಾಕುವವರೆಗೆ, ಚಕ್ರಕ್ಕೆ ಸಿಡಿದ ಕಲ್ಲಿನಿಂದ ಗಾಜು ಒಡೆಸಿಕೊಳ್ಳದ ಕಾರು ಅಪರೂಪವಾಗಿತ್ತು. ನಾನು ಫೋನು ಮಾಡಿದಾಗ ಗಾಜಿನವನು ಕೇಳಿದ್ದು ನಾಲ್ಕೇ ಪ್ರಶ್ನೆ: ಯಾವ ಕಾರು, ಯಾವ ವರ್ಷದ್ದು, ಯಾವ ಬಾಗಿಲು, ಗಾಜಿಗೆ ಬಣ್ಣದ ಛಾಯೆ ಉಂಟೋ ಇಲ್ಲವೋ. ವಿಮೆಯ ಬಗ್ಗೆಯೂ ಹೇಳಿದ. ಮೂರನೆಯವರ ಹಾನಿಗಷ್ಟೇ ಮಾಡಿಸಿದ ವಿಮೆಯಲ್ಲಿ ನಮ್ಮ ಗಾಜಿಗೆ ದುಡ್ಡು ಬರುವುದಿಲ್ಲ. ಪೂರ್ಣ ವಿಮೆ ಇದ್ದರೆ ರಿಪೇರಿಗೆ ಮೊದಲೇ ಕಂಪನಿಗೆ ತಿಳಿಸಿ ಫೋಟೋ ತೆಗೆದಿಡಬೇಕು. ಆದರೆ ಹಾನಿ ಕೇಳದ ವರ್ಷಗಳಿಗೆ ಕೊಡುವ ರಿಯಾಯಿತಿ ತಪ್ಪುತ್ತದೆಯೋ ಎಂದು ವಿಚಾರಿಸಿಯೇ ಕೇಳಬೇಕು. "ಗಾಜಿನ ಸ್ವಿಚ್ಚು ಒತ್ತಬ್ಯಾಡ್ರಿ ಮೇಡಂ, ಒಳಗಿನ ಮಷೀನಿಗೆ ಚೂರು ಸಿಗತಾವು" ಎಂದು ಎಚ್ಚರಿಸಿದ. ಆ ರಾತ್ರಿ ಕಾರು ತಾಡಪಾಲು ಹೊದ್ದು ಶಾಲೆಯ ಅಂಗಳದಲ್ಲೇ ಮಲಗಿತು.

ಮರುದಿನ ಬೆಳಿಗ್ಗೆ ಗಾಜನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದ. ಆ ಎಂಟನೆಯ ತರಗತಿಯ ಹುಡುಗನನ್ನು ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅವನಿಗೆ ನಾನು ಕೊಟ್ಟ ಶಿಕ್ಷೆ ಅದೊಂದೇ, ಪೂರ್ತಿ ಕೆಲಸವನ್ನು ನೋಡುವುದು.

ಗಾಜಿನವನು ಮೊದಲು ನನ್ನ ಕೈಗೆ ಹೊಸ ಗಾಜಿನ ಮೂಲೆಯ ಗುರುತನ್ನು ತೋರಿಸಿದ. ಅಳಿಸಲಾರದಂತೆ ಒತ್ತಿದ ಐಎಸ್‌ಐ ಮುದ್ರೆ, 2553 ಎಂಬ ಸಂಖ್ಯೆ. ಆ ಗುರುತಿಲ್ಲದ ಗಾಜನ್ನು ಹಾಕಿಸಿಕೊಳ್ಳಬಾರದು. ಆಮೇಲೆ ಬಾಗಿಲಿನ ಒಳಹೊದಿಕೆಯನ್ನು ಕ್ಲಿಪ್ಪು ಮುರಿಯದಂತೆ ಬಿಡಿಸಿದ. ಬಾಗಿಲಿನ ಹೊಟ್ಟೆಯಲ್ಲಿ ಬೊಗಸೆಗಟ್ಟಲೆ ಚೂರು. ಅವನ್ನು ತೆಗೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಬುಡದಲ್ಲಿ ಮಳೆನೀರು ಹೋಗುವ ತೂತುಗಳಿವೆ, ಅವು ಕಟ್ಟಿದರೆ ಬಾಗಿಲು ತುಕ್ಕು ಹಿಡಿಯುತ್ತದೆ. ಸೀಟಿನ ಸಂದುಗಳನ್ನೂ ಯಂತ್ರದಿಂದ ಹೀರಿಸಿದ. ಕಡೆಗೆ ಹೊಸ ಗಾಜನ್ನು ರಬ್ಬರಿನ ಕಾಲುವೆಗೆ ಇಳಿಸಿ, ಮಷೀನಿಗೆ ಬಿಗಿದು, ಐದಾರು ಸಲ ಏರಿಸಿ ಇಳಿಸಿ, ಮೇಲೆ ನೀರು ಹೊಯ್ದು ನೋಡಿದ. ಎಲ್ಲ ಸೇರಿ ಒಂದೂವರೆ ತಾಸು. "ಅಂಟು ಒಣಗಬೇಕೇನಪ್ಪ?" ಎಂದೆ. "ಇದಕ್ಕ ಅಂಟಿಲ್ರಿ, ಈಗಲೇ ಒಯ್ಯಬಹುದು. ಮುಂದಿನ ಗಾಜು ಆದರ ಅಂಟಿನ ಮ್ಯಾಲೆ ನಿಲ್ಲತೈತಿ. ನಾವು ಹೇಳಿದಷ್ಟು ತಾಸು ಗಾಡಿ ಅಲ್ಲಾಡಿಸಬಾರದು. ಒಂದೆರಡು ದಿನ ಬಾಗಿಲು ಧಡಾರ್ ಅಂತ ಹಾಕಬಾರದು, ಪೈಪಿನಿಂದ ನೀರು ಹೊಡೆಯಬಾರದು" ಎಂದ. ಈಗಿನ ಕೆಲವು ಕಾರುಗಳ ಮುಂಗಾಜಿನ ಹಿಂದೆ ಕ್ಯಾಮೆರಾ ಇರುತ್ತದಂತೆ. ಗಾಜು ಬದಲಾದ ಮೇಲೆ ಅದನ್ನೂ ಹೊಸದಾಗಿ ಹೊಂದಿಸಬೇಕಂತೆ. ಬಳ್ಳಾರಿ ಬಿಸಿಲಿಗೆ ಕಪ್ಪು ಹಾಳೆ ಅಂಟಿಸೋಣವೇ ಎಂದು ಯಜಮಾನರು ಕೇಳಿಸಿದ್ದರು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿದ್ದನ್ನು ನೆನಪಿಸಿ ಅವನೇ ಬೇಡವೆಂದ.

ಹೋಗುವ ಮುಂಚೆ ಹುಡುಗ ಮೆಲ್ಲಗೆ, "ಟೀಚರ್, ರೊಕ್ಕ ನಮ್ಮಪ್ಪ ಕೊಡಬೇಕೇನ್ರಿ?" ಎಂದ. ರಾತ್ರಿಯಿಡೀ ಅವನು ನಿದ್ದೆ ಮಾಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. "ನೀನು ಬಾಚಿದ ಚೂರು ಕೊಡು, ಸಾಕು" ಎಂದೆ. ಜೇಬಿನಿಂದ ಒಂದು ಹಿಡಿ ತೆಗೆದು ಕೊಟ್ಟ.

ಅದನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಸಿರುಗುಪ್ಪಕ್ಕೆ ಹೋದೆ. ಅಣ್ಣ ಅಂಗೈ ಮೇಲೆ ಸುರುವಿಕೊಂಡು, ಬೆರಳಿನಿಂದ ಉಜ್ಜಿ ಉಜ್ಜಿ ನೋಡಿದ. "ಇಂಥಾದ್ದು ಆವಾಗ ಇದ್ದಿದ್ದರ..." ಎಂದ. ಸುಮ್ಮನಿರಬಹುದಿತ್ತು. ಆದರೆ ನಲವತ್ತು ವರ್ಷ ಸುಮ್ಮನಿದ್ದಾಗಿತ್ತು. "ಆವಾಗಲೂ ಇತ್ತಲ್ಲ ಅಣ್ಣಾ. ಅಪ್ಪನ ಕಡೆಯ ಬಾಗಿಲಿಗಿತ್ತು" ಎಂದೆ.

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಅಪಘಾತದ ನಂತರ ಅವರು ಅಣ್ಣನ ಎದುರಿಗೆ ಒಮ್ಮೆಯೂ ತಲೆ ಎತ್ತಿ ಕುಳಿತದ್ದನ್ನು ನಾನು ನೋಡಲಿಲ್ಲ.

"ದೊಡ್ಡಪ್ಪಗ ಗೊತ್ತಿರಲಿಲ್ಲ ಬಿಡವ್ವ" ಎಂದ ಅಣ್ಣ, ಚೂರುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಾ. "ಹುಡುಗರಿಗೆ ಹೇಳು."

ಡಬ್ಬಿ ಈಗ ನನ್ನ ತರಗತಿಯ ಮೇಜಿನ ಮೇಲಿದೆ. ಬೂದಿದಿಬ್ಬದ ಪಾಠದ ದಿನ ಅದನ್ನು ಮಕ್ಕಳ ಕೈಗೆ ಕೊಡುತ್ತೇನೆ.