ಅಂಗೈಯ ಮೇಲಿನ ಸರಸ್ವತಿ: ಆದವಾನಿ ಸೀಮೆಯ ಶಾಲೆಯೂ ಪುರಾಣಕಥೆಯೂ

1823ರ ಆಗಸ್ಟ್ ತಿಂಗಳಿನಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ದೇಶೀಯ ಶಾಲೆಗಳನ್ನು ಕುರಿತ ವರದಿಯನ್ನು ಮದರಾಸಿನ ರೆವಿನ್ಯೂ ಬೋರ್ಡಿಗೆ ಕಳುಹಿಸಿದನು. ಆದವಾನಿ ಸೀಮೆ ಆಗ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಅವನ ಲೆಕ್ಕದಂತೆ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಒಟ್ಟು 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಅರವತ್ತು ಮಾತ್ರ.

ಅಂಕಿಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅವನು ದಾಖಲಿಸಿರುವ ಮುಂಜಾನೆಯ ಪದ್ಧತಿ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರು. ಎರಡನೆಯವನ ಅಂಗೈಯ ಮೇಲೆ ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲು ಪೆಟ್ಟು, ನಾಲ್ಕನೆಯವನಿಗೆ ಎರಡು. ದೇವತೆಯ ಹೆಸರು, ಸೊನ್ನೆಯ ಅರ್ಥ, ಎಣಿಕೆ ಇವೆಲ್ಲ ಬೆಳಗಿನ ಒಂದೇ ಗಳಿಗೆಯಲ್ಲಿ ಮಗುವಿನ ಕೈಗೆ ಬರುತ್ತಿದ್ದವು. (ತಡವಾಗಿ ಬಂದವರ ಪಾಡು ಬೇರೆ ಮಾತು.) ಮರಳಿನ ಮೇಲೆ ಬೆರಳಿನಿಂದ ತಿದ್ದಿದ ಬಳಿಕ ಹಲಗೆ, ಕಡತ, ಬಳಪ. ಓದಲು ರಾಮಾಯಣ, ಮಹಾಭಾರತ, ಭಾಗವತ. ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮ ಪುರಾಣ, ಲಿಂಗಧಾರಿಗಳ ಮಕ್ಕಳಿಗೆ ಗಿರಿಜಾಕಲ್ಯಾಣ ಮತ್ತು ಚೆನ್ನಬಸವ ಪುರಾಣ, ವಿನೋದಕ್ಕೆ ಪಂಚತಂತ್ರ. ಯಾವ ಕುಲದ ಮಗುವಿಗೆ ಯಾವ ಪುರಾಣ ಎಂಬ ವಿಂಗಡಣೆಯೂ ಈ ಪಟ್ಟಿಯೊಳಗೇ ಇದೆ. ಅದನ್ನು ಮರೆತು ಹಳೆಯ ಮಠಗಳನ್ನು ಕೊಂಡಾಡುವುದು ಸರಿಯಲ್ಲ.

ಕ್ಯಾಂಪ್‌ಬೆಲ್ಲನ ಆಕ್ಷೇಪವನ್ನು ಪುರಾಣದ ಮೇಲಿನ ತಿರಸ್ಕಾರವೆಂದು ಓದುವವರಿದ್ದಾರೆ. ಆದರೆ ಅವನ ದೂರು ಮುಖ್ಯವಾಗಿ ಭಾಷೆಯದು. ಪದ್ಯದ ನುಡಿ ಆಡುನುಡಿಯಿಂದ ದೂರವಾಗಿದ್ದುದರಿಂದ ಮಕ್ಕಳು ನೂರಾರು ಪದ್ಯಗಳನ್ನು ಅರ್ಥವರಿಯದೆ ಒಪ್ಪಿಸುತ್ತಿದ್ದರು. ಕಲಿಸುವವರಲ್ಲಿಯೂ ಹಲವರು ಅರ್ಥ ತಿಳಿಯದವರೇ ಆಗಿದ್ದರು. ಕಥೆ ಅಲ್ಲಿತ್ತು, ಮಗುವಿನ ಮಾತಿನಲ್ಲಿ ಇರಲಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಕರ್ನೂಲು ಜಿಲ್ಲೆಗೆ ಸೇರಿದವು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂದು ಹೇಳುತ್ತದೆ. ಆ ಅನುಕೂಲ ಶಾಲೆಯ ಫಲಕಕ್ಕೆ, ಅನುವಾದಿತ ಪಠ್ಯಕ್ಕೆ ನಿಂತುಬಿಟ್ಟರೆ ಕ್ಯಾಂಪ್‌ಬೆಲ್ಲನ ಹಳೆಯ ದೂರು ಹೊಸ ವೇಷದಲ್ಲಿ ಮರಳುತ್ತದೆ.

ಈ ಸೀಮೆಯ ಮಕ್ಕಳು ಮನೆಯಲ್ಲೇ ಕೇಳಿ ಬಂದಿರುವ ಐತಿಹ್ಯಗಳಿಗೆ ಬರವಿಲ್ಲ. ವರಾಹನ ಎರಡು ಕೋರೆಗಳಿಂದ ತುಂಗೆ, ಭದ್ರೆಯರು ಇಳಿದರೆಂಬ ಕಥೆಯನ್ನು ಹಿಡಿದು ಗಂಗಾಮೂಲದಿಂದ ಕೂಡಲಿಗೆ, ಅಲ್ಲಿಂದ ಮಂತ್ರಾಲಯದವರೆಗೆ ನಕಾಶೆಯ ಮೇಲೆ ಬೆರಳಾಡಿಸಬಹುದು. ಮಂತ್ರಾಲಯದ ಎದುರು ದಡ ರಾಯಚೂರು ಜಿಲ್ಲೆ. ಕಥೆಯ ಹೊಳೆಯೇ ರಾಜ್ಯಗಳ ಗಡಿ. ಆಲೂರು ಕಡೆಯ ದೇವರಗಟ್ಟಿನಲ್ಲಿ ಮಣಿ, ಮಲ್ಲಾಸುರರನ್ನು ಶಿವನು ಕೊಂದ ಕಥೆ ಹೂವಿನಹಡಗಲಿಯ ಮೈಲಾರಕ್ಕೂ ಸೇರಿದ್ದು. ಆದರೆ ದೇವರಗಟ್ಟಿನ ದಸರೆಯ ರಾತ್ರಿ ಬಡಿಗೆಗಳಿಂದ ತಲೆ ಒಡೆಯುತ್ತವೆ. ಅದನ್ನು ಪಾಠಕ್ಕೆ ತರುವ ಮೇಷ್ಟರು ಕಥೆಯ ಜೊತೆಗೆ ಆ ಗಾಯಗಳನ್ನೂ ಮಾತಾಡಬೇಕಾಗುತ್ತದೆ.

ಎಲ್ಲಕ್ಕಿಂತ ಶಾಲೆಗೆ ಹತ್ತಿರವಾದದ್ದು ವೆಂಕಣ್ಣನ ಕಥೆ. ಅಕ್ಷರ ಬಾರದ ಹುಡುಗನ ಕೈಗೆ ಆದವಾನಿಯ ಸಿದ್ದಿ ಮಸೂದ್ ಖಾನ್ ಪತ್ರವೊಂದನ್ನು ಕೊಟ್ಟು ಓದೆನ್ನುತ್ತಾನೆ. ಹುಡುಗ ರಾಘವೇಂದ್ರರನ್ನು ನೆನೆದೊಡನೆ ಅಕ್ಷರಗಳು ತಿಳಿಯುತ್ತವೆ. ಮುಂದೆ ಅವನು ದಿವಾನನಾಗುತ್ತಾನೆ. ಭಕ್ತರಿಗೆ ಇದು ಪವಾಡ. ತರಗತಿಯಲ್ಲಿ ಇದನ್ನೇ ಹೇಳಿ, ಆ ಪತ್ರ ಯಾವ ಲಿಪಿಯಲ್ಲಿದ್ದಿರಬಹುದೆಂದು ಮಕ್ಕಳನ್ನು ಕೇಳಬಹುದು. ಹದಿನೇಳನೆಯ ಶತಮಾನದ ಬಿಜಾಪುರದ ಆಳ್ವಿಕೆಯಲ್ಲಿ ಪಾರಸಿ ಇತ್ತು, ಮರಾಠಿಯ ಮೋಡಿ ಇತ್ತು, ಊರ ಲೆಕ್ಕಕ್ಕೆ ಕನ್ನಡ, ತೆಲುಗು ಇದ್ದವು. ಶತಮಾನೂವರೆಯ ಬಳಿಕ ಕ್ಯಾಂಪ್‌ಬೆಲ್ಲನ ಪಟ್ಟಿಯಲ್ಲಿ ಕೂಡ 21 ಪಾರಸಿ ಶಾಲೆಗಳೂ 23 ಮರಾಠಿ ಶಾಲೆಗಳೂ ಕನ್ನಡ, ತೆಲುಗು ಶಾಲೆಗಳ ಪಕ್ಕದಲ್ಲೇ ಇವೆ.