ಕಡಲಿಲ್ಲದೂರಿನವನ ಕಡಲ ಸೇತುವೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ -- ಈ ನಾಲ್ಕು ಊರುಗಳಿಗೂ ಕಡಲಿಗೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ, ಮೊದಲು ನಗು ಬರುತ್ತೆ. ನಮ್ಮ ಕಡೆ ಕೆರೆಯಲ್ಲೇ ನೀರಿರಲ್ಲ, ಇನ್ನು ಕಡಲೆಲ್ಲಿಂದ ಬರಬೇಕು? ಆದರೆ ಸಂಬಂಧ ಇದೆ ಸ್ವಾಮಿ. ನಂದಿಬೆಟ್ಟದ ಸುತ್ತಮುತ್ತ ಹುಟ್ಟುವ ಹೊಳೆಗಳ ಪಟ್ಟಿ ನೋಡಿ. ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಹಾದು ಆಂಧ್ರಕ್ಕೆ ಹೋಗಿ ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತೆ. ಪಾಲಾರ್ ಚೆನ್ನೈನ ದಕ್ಷಿಣಕ್ಕೆ ಸೇರುತ್ತೆ. ದಕ್ಷಿಣ ಪಿನಾಕಿನಿ ಹೊಸಕೋಟೆ, ಮಾಲೂರು ದಾಟಿ, ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಅಂತ ಹೆಸರು ಬದಲಿಸಿಕೊಂಡು, ಪಾಂಡಿಚೇರಿಯ ಬಾಹೂರು ಸೀಮೆಯನ್ನು ಸವರಿಕೊಂಡು ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತೆ.

ಅಂದರೆ ನಂದಿಯ ಮೇಲೆ ಬಿದ್ದ ಮಳೆಹನಿಗೆ ದಾರಿಯಲ್ಲಿ ಯಾರೂ ಅಡ್ಡ ಬರದಿದ್ದರೆ ಅದು ಪಾಂಡಿಚೇರಿಯ ಹತ್ತಿರಕ್ಕೆ ಹೋಗಿ ಮುಟ್ಟಬೇಕು. ಮಳೆಹನಿ ಹೋಗುತ್ತೋ ಇಲ್ಲವೋ, ನಾನಂತೂ ಕ್ಯಾಮೆರಾ ಮತ್ತು ಟ್ರೈಪಾಡ್ ಹೊತ್ತುಕೊಂಡು ಹೋಗಿಬಂದೆ :) ಹೋಗಿದ್ದು ಮುಸ್ಸಂಜೆಯಲ್ಲಿ ಹಳೇ ಕಡಲ ಸೇತುವೆಯ ಲಾಂಗ್ ಎಕ್ಸ್‌ಪೋಷರ್ ಫೋಟೋ ತೆಗೆಯೋದಕ್ಕೆ. ಬಂದ ಮೇಲೆ ಆ ಸೇತುವೆಯ ಕಥೆ, ಆ ಬಗೆಯ ಫೋಟೋದ ಕಥೆ ಎರಡನ್ನೂ ಹುಡುಕುತ್ತಾ ಕೂತೆ. ಎರಡೂ ಒಂದೇ ಕಾಲದವು ಅಂತ ಗೊತ್ತಾಯಿತು. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಸೇತುವೆ. ಮಂಗಳೂರು, ಮಲ್ಪೆ ಕಡೆಯವರಿಗೆ ದಕ್ಕೆ ಗೊತ್ತು. ನಾನು ಹೇಳ್ತಿರೋದು ಅದಲ್ಲ. ದಡದಿಂದ ನೇರವಾಗಿ ಕಡಲೊಳಗೆ ನೂರಾರು ಅಡಿ ಚಾಚಿಕೊಂಡ, ಕಂಬಗಳ ಮೇಲೆ ನಿಂತ ಸೇತುವೆ. ಮಲಯಾಳಿಗಳು ಇದಕ್ಕೆ ಕಡಲ್‌ಪಾಲಂ ಅಂತಾರೆ. ಇದು ಯಾಕೆ ಬೇಕಾಯಿತು? ಚೋಳಮಂಡಲ ಕರಾವಳಿಯಲ್ಲಿ ಸಹಜ ಬಂದರು ಅನ್ನೋದೇ ಇಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕಬೇಕು. ಅಲ್ಲಿಂದ ದಡದವರೆಗೆ ಅಬ್ಬರದ ಅಲೆಗಳ ಪಟ್ಟಿ. ಜನ, ಸರಕು ಎಲ್ಲವೂ ಮಸುಲಾ ಎಂಬ ದೋಣಿಗಳಲ್ಲಿ ಈ ಅಲೆ ದಾಟಬೇಕಿತ್ತು. ಆ ದೋಣಿಗೆ ಮೊಳೆಯೇ ಇಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿರುತ್ತಿದ್ದರು. ಮೊಳೆ ಹೊಡೆದ ಗಟ್ಟಿ ದೋಣಿ ನೆಲಕ್ಕೆ ಬಡಿದರೆ ಒಡೆಯುತ್ತೆ, ಹೊಲಿದದ್ದು ಬಳುಕುತ್ತೆ. ಎಂಥಾ ಬುದ್ಧಿ ನೋಡಿ! ಅದನ್ನು ನಡೆಸುತ್ತಿದ್ದ ಅಂಬಿಗರ ತೋಳ್ಬಲದ ಮೇಲೆ ಇಡೀ ಮದರಾಸು, ಪಾಂಡಿಚೇರಿಯ ವ್ಯಾಪಾರ ನಿಂತಿತ್ತು.

19ನೇ ಶತಮಾನದ ನಡುವಿನಲ್ಲಿ ಕಬ್ಬಿಣ ಬಂತು. ಅಲೆಕ್ಸಾಂಡರ್ ಮಿಚೆಲ್ ಅನ್ನುವ ಐರ್ಲೆಂಡಿನ ಇಂಜಿನಿಯರ್ 1833ರಲ್ಲಿ ಸ್ಕ್ರೂ ಪೈಲ್‌ಗೆ ಪೇಟೆಂಟ್ ಪಡೆದ. ಕಂಬದ ತುದಿಗೆ ಅಗಲವಾದ ತಿರುಪು. ಮರಳಿನಲ್ಲಿಟ್ಟು ತಿರುಗಿಸುತ್ತಾ ಹೋದರೆ ತಾನಾಗಿ ಕೆಳಗಿಳಿದು ಕಚ್ಚಿಕೊಳ್ಳುತ್ತೆ. ಮರಳು ಅಥವಾ ಕೆಸರು ನೆಲದಲ್ಲಿ ಕಡಲೊಳಗೆ ಕಂಬ ನಿಲ್ಲಿಸೋದು ಇದರಿಂದ ಸಾಧ್ಯವಾಯಿತು. ಈ ಮಿಚೆಲ್ ಇಪ್ಪತ್ತರ ಹರೆಯದಲ್ಲೇ ಪೂರ್ತಿ ಕಣ್ಣು ಕಳೆದುಕೊಂಡಿದ್ದವನು. ಇವತ್ತು ಫೋಟೋ ತೆಗೆಯುವವರೆಲ್ಲ ಕಣ್ತುಂಬ ನೋಡುವ ಆ ಕಂಬಗಳ ಹಿಂದೆ ಕಣ್ಣಿಲ್ಲದವನ ಯೋಚನೆ ಇದೆ ಅನ್ನೋದು ನನಗೆ ತುಂಬಾ ಹಿಡಿಸಿತು.

ಮದರಾಸಿನ ಕಬ್ಬಿಣದ ಸೇತುವೆ 1861ರ ಹೊತ್ತಿಗೆ ಎದ್ದು ನಿಂತಿತು. ಸುಮಾರು ಸಾವಿರ ಅಡಿ. 1868 ಮತ್ತು 1872ರ ಬಿರುಗಾಳಿಗಳು ಅದನ್ನು ಮುರಿದವು. ಅಲಪ್ಪುಳದ್ದು 1862ರದು. ಪಾಂಡಿಚೇರಿಯಲ್ಲಿ ಫ್ರೆಂಚರದು ಆದದ್ದು 1866ರಲ್ಲಿ. 1952ರ ಬಿರುಗಾಳಿಯಲ್ಲಿ ಅದು ಬಿತ್ತು. ಎರಡೇ ವರ್ಷಕ್ಕೆ, 1954ರ ನವೆಂಬರ್ 1ರಂದು, ಫ್ರೆಂಚರ ಆಡಳಿತವೂ ಹೋಯಿತು. ಗಾಂಧಿ ಪ್ರತಿಮೆಯ ಎದುರಿಗೆ ನೀರಿನಲ್ಲಿ ಕಾಣುವ ತುಕ್ಕು ಹಿಡಿದ ಕಂಬದ ತುಂಡುಗಳು ಅದರದ್ದೇ. ದಕ್ಷಿಣಕ್ಕೆ 1960ರ ದಶಕದಲ್ಲಿ ಕಟ್ಟಿದ ಕಾಂಕ್ರೀಟ್ ಸೇತುವೆಯೂ ಉಳಿಯಲಿಲ್ಲ. 2022ರ ಮಾರ್ಚ್‌ನಲ್ಲಿ ಅದರ ಒಂದು ಭಾಗ ಕಡಲಿಗೆ ಕುಸಿಯಿತು.

ಈಗ ಫೋಟೋ ಕಡೆಗೆ ಬರೋಣ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ, ಹಾಗಾಗಿ ಮುಸ್ಸಂಜೆ ಚಿಕ್ಕದು. ಸೂರ್ಯ ಮುಳುಗಿದ ಮೇಲೆ ಒಳ್ಳೆ ಬೆಳಕು ಇಪ್ಪತ್ತು ಇಪ್ಪತ್ತೈದು ನಿಮಿಷ ಅಷ್ಟೆ. ಪಾಂಡಿಚೇರಿ ಪೂರ್ವಕ್ಕೆ ಮುಖ ಮಾಡಿರೋದರಿಂದ ಸೂರ್ಯ ಊರಿನ ಹಿಂದೆ ಮುಳುಗುತ್ತಾನೆ, ಕಡಲ ಮೇಲೆ ಉಳಿಯೋದು ತಣ್ಣನೆಯ ನೀಲಿ. ಟ್ರೈಪಾಡ್ ಮರಳಿಗೆ ಒತ್ತಿ ನಿಲ್ಲಿಸಿ, ಲೆನ್ಸಿನ ಮುಂದೆ ಕಪ್ಪು ಗಾಜಿನ ಎನ್‌ಡಿ ಫಿಲ್ಟರ್ ಹಾಕಬೇಕು. ಹತ್ತು ಸ್ಟಾಪ್‌ನ ಫಿಲ್ಟರ್ ಅಂದರೆ ಬೆಳಕು ಸಾವಿರದಲ್ಲಿ ಒಂದು ಪಾಲಾಗುತ್ತೆ. ಸೆಕೆಂಡಿನ ಮೂವತ್ತನೇ ಒಂದು ಭಾಗ ಸಾಕಾಗುವ ಕಡೆ ಮೂವತ್ತನಾಲ್ಕು ಸೆಕೆಂಡು ತೆರೆದಿಡಬೇಕು. ಅರ್ಧ ಸೆಕೆಂಡಿನಲ್ಲಿ ಅಲೆಗಳು ಗೀರು ಗೀರಾಗಿ ಬರುತ್ತವೆ, ಅರ್ಧ ನಿಮಿಷಕ್ಕೆ ಮಂಜು, ಮೂರ್ನಾಲ್ಕು ನಿಮಿಷಕ್ಕೆ ಒರೆಸಿಟ್ಟ ಗಾಜು.

ತಮಾಷೆ ಏನಂದರೆ, ಆ ಸೇತುವೆಗಳು ಏಳುತ್ತಿದ್ದ ಕಾಲದಲ್ಲಿ ಇದೇ ಮಂಜನ್ನು ಫೋಟೋಗ್ರಾಫರುಗಳು ದೋಷ ಅಂತ ಬೈಯ್ಯುತ್ತಿದ್ದರು. ಅವರ ಗಾಜಿನ ಪ್ಲೇಟು, ಮೇಣದ ಕಾಗದ ಎಲ್ಲವೂ ನಿಧಾನ. ಅಲೆ ನಿಲ್ಲುತ್ತಿರಲಿಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856-57ರಲ್ಲಿ ಅಲೆಯನ್ನು ಅಲೆಯಾಗಿಯೇ ಹಿಡಿದಾಗ ಜನ ಬೆರಗಾದರು. ಆಕಾಶಕ್ಕೊಂದು, ಕಡಲಿಗೊಂದು ನೆಗೆಟಿವ್ ತೆಗೆದು ಎರಡನ್ನೂ ಸೇರಿಸಿ ಅವನು ಕೆಲವು ಚಿತ್ರಗಳನ್ನು ಮಾಡುತ್ತಿದ್ದ. ನಮ್ಮಲ್ಲಿಗೆ ಬಂದರೆ, 1854ರ ಡಿಸೆಂಬರಿನಲ್ಲಿ ಬೇಲೂರು-ಹಳೇಬೀಡುಗಳ ಫೋಟೋ ತೆಗೆದ ಲಿನ್ನಿಯಸ್ ಟ್ರೈಪ್‌ನದು ಮೇಣದ ಕಾಗದದ ನೆಗೆಟಿವ್. ಆಕಾಶ ಬರೀ ಬಿಳಿಯಾಗಿ ಬರುತ್ತೆ ಅಂತ ಅವನು ಮುಂದೆ ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಮೋಡ ಬರೆಯುತ್ತಿದ್ದ. ಅವರು ಬಿಡಿಸಿಕೊಳ್ಳಲು ಒದ್ದಾಡಿದ ನಿಧಾನವನ್ನು ನಾವು ದುಡ್ಡು ಕೊಟ್ಟು ಕಪ್ಪು ಗಾಜು ತಂದು ವಾಪಸ್ಸು ಕರೀತಿದ್ದೀವಿ!

ಆ ನಿಧಾನಕ್ಕೆ ಇನ್ನೊಂದು ಗುಣವಿದೆ. 1838ರಲ್ಲಿ ಡಾಗೇರ್ ಪ್ಯಾರಿಸ್ಸಿನ ಒಂದು ರಸ್ತೆಯ ಚಿತ್ರ ತೆಗೆದ. ಗಾಡಿ, ಕುದುರೆ, ಜನ ಗಿಜಿಗುಡುತ್ತಿದ್ದ ರಸ್ತೆ. ಕ್ಯಾಮೆರಾ ಕೆಲವು ನಿಮಿಷ ತೆರೆದಿದ್ದರಿಂದ ಓಡಾಡುವವರೆಲ್ಲ ಅಳಿಸಿಹೋದರು. ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತವನೊಬ್ಬ ಉಳಿದ. ಫೋಟೋದಲ್ಲಿ ಬಂದ ಮೊದಲ ಮನುಷ್ಯ ಅಂತ ಅವನನ್ನೇ ಹೇಳುತ್ತಾರೆ. ಪಾಲಿಶ್ ಮಾಡುತ್ತಿದ್ದವನು ಒಂದು ಕಲೆಯ ಹಾಗೆ ಅಸ್ಪಷ್ಟ. ಯಾಕೆಂದರೆ ಅವನ ಕೈ, ಮೈ ಅಲ್ಲಾಡುತ್ತಿತ್ತು. ನಿಂತವನು ಉಳಿದ, ದುಡಿಯುತ್ತಿದ್ದವನು ಮಸುಕಾದ.

ನನಗೆ ಇತಿಹಾಸದ ಪುಸ್ತಕಗಳೂ ಒಂಥರಾ ಲಾಂಗ್ ಎಕ್ಸ್‌ಪೋಷರ್ ಫೋಟೋಗಳೇ ಅನ್ನಿಸೋದು ಇಲ್ಲಿ. ಸೇತುವೆ ಕಟ್ಟಿದ ವರ್ಷ ಇದೆ, ಬಿದ್ದ ವರ್ಷ ಇದೆ. ಹೊಲಿದ ದೋಣಿಯ ಅಂಬಿಗರ ಹೆಸರು ಇಲ್ಲ. 1860-61ರ ಬ್ರಿಟಿಷ್-ಫ್ರೆಂಚ್ ಒಪ್ಪಂದದ ಮೇಲೆ ಇದೇ ದಂಡೆಯಿಂದ ಕೂಲಿ ಕರಾರಿಗೆ ಹೆಬ್ಬೆಟ್ಟು ಒತ್ತಿ ರಿಯೂನಿಯನ್, ಮಾರ್ಟಿನಿಕ್, ಗ್ವಾಡಲೂಪ್‌ಗಳ ಕಬ್ಬಿನ ತೋಟಕ್ಕೆ ಸಾವಿರಾರು ಜನ ಹೋದರು. ರಿಯೂನಿಯನ್‌ಗೆ ಜನ ಕಳಿಸೋದನ್ನು ಬ್ರಿಟಿಷರು 1882ರಲ್ಲಿ, ಕೆರಿಬಿಯನ್ ದ್ವೀಪಗಳಿಗೆ 1888ರಲ್ಲಿ ನಿಲ್ಲಿಸಿದರು. ಕಂಬ ಇನ್ನೂ ನಿಂತಿದೆ, ಆ ಜನ ನೀರಿನ ಹಾಗೆ ಹರಿದುಹೋದರು. ಇವತ್ತು ಅರ್ಧ ನಿಮಿಷದ ಫೋಟೋದಲ್ಲಿ ಅದೇ ದಂಡೆಯ ಮೀನುಗಾರರು, ಸುಂಡಲ್ ಮಾರುವ ಹುಡುಗರು ಯಾರೂ ಬರಲ್ಲ. ನೋಡಿದವರು "ಅಬ್ಬಾ, ಎಷ್ಟು ಪ್ರಶಾಂತ!" ಅಂತಾರೆ. ಅಲ್ಲಿ ನಿಂತು ತೆಗೆದವನಿಗೆ ಗೊತ್ತು, ಸಂತೆಯಷ್ಟು ಗದ್ದಲ ಇತ್ತು ಅಂತ.

ಅಂದ ಹಾಗೆ, ಕಡಲಿನ ಆಸೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರಲ್ಲ, ಆಗ ಮೈಸೂರಿಗೆ ಒಂದಂಗುಲ ಕರಾವಳಿ ಇರಲಿಲ್ಲ. ಭಟ್ಕಳದಲ್ಲಿ ಬಂದರು ಮಾಡಿ ಅಲ್ಲಿಗೆ ರೈಲು ಹಾಕಬೇಕು ಅನ್ನೋದು ಅವರ ಯೋಜನೆಗಳಲ್ಲೊಂದು. ಭಟ್ಕಳ ಆಗ ಬೊಂಬಾಯಿ ಪ್ರಾಂತ್ಯದಲ್ಲಿತ್ತು, ಆ ಬಂದರು ಆಗಲಿಲ್ಲ. 1956ರಲ್ಲಿ ರಾಜ್ಯ ಒಂದಾದ ಮೇಲೆ ಕಡಲು ತಾನಾಗಿ ಬಂತು.

ಕಡಲಿಗೆ ಹೋಗಲು ಆಗದ ವಾರಗಳಲ್ಲಿ ನಾನು ಅಭ್ಯಾಸ ಮಾಡೋದು ಕೆರೆಗಳಲ್ಲಿ. ಚಿಕ್ಕಬಳ್ಳಾಪುರದ ಕಂದವಾರ ಕೆರೆ, ಗುಡಿಬಂಡೆಯ ಅಮಾನಿ ಬೈರಸಾಗರ, ಇನ್ನು ಹೆಸರು ಹೇಳಿದರೆ ಯಾರಿಗೂ ಗೊತ್ತಾಗದ ಹಳ್ಳಿ ಕೆರೆಗಳು. ನಮ್ಮ ಕಡಲ ಸೇತುವೆ ಅಂದರೆ ತೂಬು! ಏರಿಯಿಂದ ಒಳಗೆ ನೀರಿನಲ್ಲಿ ನಿಂತ ಎರಡು ಕಲ್ಲುಕಂಬ, ನಡುವೆ ಅಡ್ಡಹಾಸಿದ ಚಪ್ಪಡಿಗಳು. ಚಪ್ಪಡಿಯ ತೂತಿನಲ್ಲಿ ಇಳಿಬಿಟ್ಟ ಗಣೆ, ಅದರ ತುದಿಗೆ ಬಿರಡೆ. ಗಣೆ ಎತ್ತಿದರೆ ನೀರು ಗದ್ದೆಗೆ. ಎತ್ತುವವನು ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ಅವನ ಕೈಯಲ್ಲಿ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಇಷ್ಟು ಕಾಳು.

ಒಂದು ಸಂಜೆ ಹೀಗೇ ತೂಬಿನ ಎದುರು ಕ್ಯಾಮೆರಾ ಇಟ್ಟು ಎಣಿಸುತ್ತಾ ನಿಂತಿದ್ದೆ. ಹಸು ಹೊಡ್ಕೊಂಡು ಹೋಗ್ತಿದ್ದ ತಾತ ಒಬ್ಬರು ನಿಂತು "ಏನ್ ಸ್ವಾಮಿ, ಇಷ್ಟೊತ್ತು ಒಂದೇ ಫೋಟೋನಾ?" ಅಂದರು.

"ಹೌದು ತಾತ. ನೀವು ಅರ್ಧ ನಿಮಿಷ ಅಲ್ಲಾಡ್ದೆ ನಿಂತ್ರೆ ನೀವೂ ಬರ್ತೀರ" ಅಂದೆ.

"ನಾನು ನಿಂತ್ಕೊಂಡ್ರೆ ಹಸು ನಿಂತ್ಕೊಂತವಾ?" ಅಂತ ನಗ್ತಾ ಹೋದರು. ನಮ್ಮಪ್ಪನ ಕಾಲದಲ್ಲಿ ಈ ತೂಬು ಎತ್ತುತ್ತಿದ್ದವರು ಅವರ ಮನೆಯವರೇ ಅಂತ ಆಮೇಲೆ ಊರಲ್ಲಿ ಕೇಳಿ ತಿಳೀತು. ಫೋಟೋದಲ್ಲಿ ತೂಬಿನ ಕಂಬ ಚೂಪಾಗಿ ಬಂದಿದೆ. ತಾತ ಇಲ್ಲ.

ಇನ್ನೊಂದು ವಿಷಯ ಹೇಳದೆ ಮುಗಿಸೋಕೆ ಆಗಲ್ಲ. ನಮ್ಮ ಹೊಳೆಗಳು ಕಡಲಿಗೆ ಹೋಗುತ್ತವೆ ಅನ್ನೋದೇ ನಮ್ಮ ಕೆರೆಗಳಿಗೆ ಕಟ್ಟುಪಾಡಾಯಿತು. 1892ರಲ್ಲಿ ಮದರಾಸು ಮತ್ತು ಮೈಸೂರು ಮಾಡಿಕೊಂಡ ಒಪ್ಪಂದದ ಪಟ್ಟಿಯಲ್ಲಿ ಕಾವೇರಿಯ ಜೊತೆಗೆ ಪಿನಾಕಿನಿಗಳೂ ಪಾಲಾರೂ ಚಿತ್ರಾವತಿಯೂ ಇದ್ದವು. ಮೇಲೆ ಹೊಸ ಕೆರೆ ಕಟ್ಟಬೇಕಾದರೆ ಕೆಳಗಿನ ಮದರಾಸಿನ ಒಪ್ಪಿಗೆ ಬೇಕು. ಆಮೇಲೆ ಬೋರ್‌ವೆಲ್ ಬಂತು, ಕೆರೆ ಒಣಗಿದವು, ನೀರುಗಂಟಿಗೆ ಕೆಲಸವಿಲ್ಲದಾಯಿತು. ಇತ್ತೀಚೆಗೆ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಮಾಡಿ ನಮ್ಮ ಕೆರೆಗಳಿಗೆ ಹರಿಸಿದರು. ಎಷ್ಟೋ ವರ್ಷ ಜಾಲಿ ಬೆಳೆದಿದ್ದ ಕೆರೆಯಲ್ಲಿ ನೀರು ನೋಡಿದ ಸಂತೋಷ ಸುಳ್ಳಲ್ಲ. ಮೂರನೇ ಹಂತದ ಶುದ್ಧೀಕರಣವೂ ಆಗಬೇಕು, ಈ ನೀರೇ ನಾಳೆ ನಮ್ಮ ಅಂತರ್ಜಲ ಅಂತ ನೀರಾವರಿ ಹೋರಾಟಗಾರರು ಕೇಳುತ್ತಿರುವುದೂ ಸುಳ್ಳಲ್ಲ. ಅತ್ತ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಕು ಹೊತ್ತು ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆ ಉಕ್ಕಿಸಿದ ಸುದ್ದಿಯನ್ನು ನೀವೂ ಓದಿರುತ್ತೀರಿ.

ನನ್ನ ಭಯ ಇಷ್ಟೇ. ಅರ್ಧ ನಿಮಿಷ ಕ್ಯಾಮೆರಾ ತೆರೆದಿಟ್ಟರೆ ಯಾವ ನೀರಾದರೂ ರೇಷ್ಮೆಯ ಹಾಗೆ ಕಾಣುತ್ತೆ, ಶಿಡ್ಲಘಟ್ಟದ ರೇಷ್ಮೆಯ ಹಾಗೇ! ತೇಲುವ ನೊರೆ ಹಾಲಿನ ಕೆನೆಯಾಗುತ್ತೆ, ಪಾಚಿಯ ಹಸಿರು ಸಂಜೆಯ ನೀಲಿಯಲ್ಲಿ ಮುಚ್ಚಿಹೋಗುತ್ತೆ. ವಾಸನೆಯಂತೂ ಫೋಟೋದಲ್ಲಿ ಬರೋದೇ ಇಲ್ಲ. ಅದಕ್ಕೇ ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದೀನಿ. ಲಾಂಗ್ ಎಕ್ಸ್‌ಪೋಷರ್ ಮುಗಿದ ಮೇಲೆ, ಫಿಲ್ಟರ್ ತೆಗೆದು, ಐಎಸ್ಒ ಏರಿಸಿ, ಅದೇ ಜಾಗದಿಂದ ಇನ್ನೊಂದು ಫೋಟೋ ತೆಗೀತೀನಿ -- ಸೆಕೆಂಡಿನ ನೂರನೇ ಒಂದು ಭಾಗದ್ದು. ಅದರಲ್ಲಿ ನೊರೆ ನೊರೆಯಾಗಿರುತ್ತೆ, ದಂಡೆಯ ಪ್ಲಾಸ್ಟಿಕ್ ಚೀಲ ಇರುತ್ತೆ, ಹಸುವಿನ ಹಿಂದೆ ಹೋಗುವ ತಾತ ಇರುತ್ತಾರೆ. ಎರಡನ್ನೂ ಒಂದೇ ಫೋಲ್ಡರಿನಲ್ಲಿ, ಊರಿನ ಹೆಸರು, ತಾರೀಖು, ಕೆರೆಯ ನೀರಿನ ಮಟ್ಟ, ಹೆಸರು ಹೇಳಲು ಒಪ್ಪಿದರೆ ಅಲ್ಲಿದ್ದವರ ಹೆಸರು ಸಮೇತ ಇಡ್ತೀನಿ. ಗೋಡೆಗೆ ಹಾಕೋಕೆ ಮೊದಲನೆಯದು, ಮೊಮ್ಮಕ್ಕಳಿಗೆ ತೋರಿಸೋಕೆ ಎರಡನೆಯದು.

ನಿಮ್ಮೂರ ಕೆರೆಯ ತೂಬು ಇನ್ನೂ ನಿಂತಿದೆಯಾ? ಅದನ್ನು ಕೊನೆಯ ಬಾರಿ ಎತ್ತಿದವರು ಯಾರು ಅಂತ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಹೆಸರು ಸಿಕ್ಕರೆ ಬರೆದಿಡಿ. ಕಲ್ಲುಕಂಬ ಇನ್ನೂ ನೂರು ವರ್ಷ ನಿಲ್ಲುತ್ತೆ, ಅವಸರ ಇಲ್ಲ. ಹೇಳುವವರು ಅಷ್ಟು ದಿನ ಇರಲ್ಲ.